ಪಾರ್ಟ್ ಬಂದಿಲ್ರಿ

ಶೋರೂಮಿಗೆ ಎರಡು ಮುಖ. ರಸ್ತೆಗೆ ತೆರೆದ ಮುಖದಲ್ಲಿ ಗಾಜು, ಬಲೂನು, ಕಣ್ಣು ಕುಕ್ಕುವ ದೀಪ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು, ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ರಟ್ಟಿನ ದೊಡ್ಡ ಕೀಲಿ ಹಿಡಿದು ಮನೆಮಂದಿಯೆಲ್ಲ ನಿಂತು ಫೋಟೋ. ಆಧಾರ್ ಕಾರ್ಡು, ಪಾಸ್‌ಬುಕ್ಕು ಕೊಟ್ಟರೆ ಚಹಾ ಆರುವುದರೊಳಗೆ ಸಾಲ ಮಂಜೂರು. ಹಿಂದಿನ ಮುಖದ ಮುಂದೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಅಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಆಚೆ ಬಯಲು, ಬಯಲಲ್ಲಿ ಸಾಲುಗಟ್ಟಿ ನಿಂತ ಗಾಡಿಗಳು. ಕೆಲವಕ್ಕೆ ಸೀಟು ಹರಿದಿದೆ, ಕೆಲವಕ್ಕೆ ಟ್ಯಾಂಕಿನ ಮೇಲೆ ಹಕ್ಕಿಯ ಹಿಕ್ಕೆ, ಬಹುತೇಕ ಎಲ್ಲದರ ಗಾಳಿ ಇಳಿದಿದೆ. ಹ್ಯಾಂಡಲಿಗೆ ಕಟ್ಟಿದ ಚೀಟಿಯ ಮೇಲಿನ ಪೆನ್ನಿನ ಅಕ್ಷರ ಬಿಸಿಲಿಗೆ ಮಾಸಿ ಯಾರ ಗಾಡಿ, ಏನು ತೊಂದರೆ, ಎಂದು ಬಂತು ಒಂದೂ ತಿಳಿಯುವುದಿಲ್ಲ. ಇವೇನೂ ಗುಜರಿಗೆ ಬಂದವಲ್ಲ. ಮಾಲಕರು ತಳ್ಳಿಕೊಂಡೋ ಟಾಟಾ ಏಸಿನಲ್ಲಿ ಹೇರಿಕೊಂಡೋ ರಿಪೇರಿಗೆಂದು ತಂದು ಬಿಟ್ಟವು. ರಿಪೇರಿಗೆ ಕಾಯುತ್ತ ಕಾಯುತ್ತ ಹಾಳಾಗುತ್ತಿರುವವು.

ಇದಕ್ಕೆ ‘ಸರ್ವಿಸ್ ವಿಳಂಬ’ ಎಂಬ ಸಭ್ಯ ಹೆಸರು ಇಡಲು ನನಗೆ ಮನಸ್ಸಿಲ್ಲ. ಬೆಂಕಿ ಹಚ್ಚಿ ಹಾಳುಮಾಡುವವರ ಮೇಲೆ ಕೇಸು ಬೀಳುತ್ತದೆ. ಬಿಸಿಲಿಗೆ ಬಿಟ್ಟು ಹಾಳುಮಾಡುವವರು ಕೊನೆಯಲ್ಲಿ ನಮ್ಮ ಕೈಗೇ ಬಿಲ್ಲು ಕೊಡುತ್ತಾರೆ.

ರೋಣ, ನರಗುಂದ, ಗಜೇಂದ್ರಗಡ. ಮೂರೂ ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳು, ಮೂರು ಊರಿಗೂ ರೈಲಿಲ್ಲ. ರೈಲು ಹಿಡಿಯಬೇಕೆಂದರೆ ಹೊಳೆಆಲೂರಿಗೋ ಗದಗಿಗೋ ಹೋಗಬೇಕು. ಬಸ್ಸು ದೊಡ್ಡ ರಸ್ತೆಯ ಊರುಗಳಿಗೆ ಉಂಟು. ಹೊಲಕ್ಕೆ, ತೋಟದ ಮನೆಗೆ, ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಬಂದವನಿಗೆ ಇಲ್ಲ. ಆ ಎಲ್ಲ ಜಾಗಕ್ಕೆ ಇರುವುದು ಕೆಎ 26 ಎಂದು ಬರೆದ ಎರಡು ಗಾಲಿಯ ಗಾಡಿಯೊಂದೇ. ಪೇಟೆಯ ಜಾಹೀರಾತಿನಲ್ಲಿ ಮೋಟಾರ್ ಸೈಕಲ್ಲು ಎಂದರೆ ಜಾಕೆಟ್ ತೊಟ್ಟ ಹುಡುಗ ಗುಡ್ಡದ ದಾರಿಯಲ್ಲಿ ಗಾಳಿ ಸೀಳುವುದು. ನಮ್ಮ ಎರಿ ಸೀಮೆಯಲ್ಲಿ ಅದು ಯೂರಿಯಾ ಚೀಲ, ಹಾಲಿನ ಕ್ಯಾನು, ಔಷಧ ಹೊಡೆಯುವ ಪಂಪು, ಮೇವಿನ ಹೊರೆ, ಬುತ್ತಿಗಂಟು, ಶಾಲೆಯ ಎರಡು ಮಕ್ಕಳು. ಮಳೆ ಬಿದ್ದಾಗ ಎರಿ ಮಣ್ಣು ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಚಕ್ರ ಕಚ್ಚಿಕೊಳ್ಳುತ್ತದೆ. ಬೇಲಿಯ ಕಟ್ಟಿಗೆ ಮುರಿದು ಕೆರೆಯಬೇಕು, ಹತ್ತು ಮಾರು ಹೋಗಬೇಕು, ಮತ್ತೆ ಕೆರೆಯಬೇಕು. ಬೇಸತ್ತವರು ಮಡ್‌ಗಾರ್ಡನ್ನೇ ಬಿಚ್ಚಿ ಮನೆಯಲ್ಲಿಟ್ಟು ಹೊಲಕ್ಕೆ ಹೋಗುತ್ತಾರೆ. ಇಷ್ಟು ದುಡಿಯುವ ಯಂತ್ರಕ್ಕೆ ಸರ್ಕಾರ 2025ರ ಸೆಪ್ಟೆಂಬರ್ 21ರವರೆಗೆ 28 ಪ್ರತಿಶತ ಜಿಎಸ್‌ಟಿ ಹಾಕುತ್ತಿತ್ತು, ಟ್ರ್ಯಾಕ್ಟರಿಗೆ 12. ಸಿಮೆಂಟಿನ ಮತ್ತು ಕಾರಿನ ಪಂಕ್ತಿಯಲ್ಲಿ ಕೂತಿತ್ತು ನಮ್ಮ ಮೇವಿನ ಗಾಡಿ. ಈಗ 18ಕ್ಕೆ ಇಳಿದಿದೆ, ಪೇಪರಿನ ತುಂಬ ಜಾಹೀರಾತು ಬಂದವು. ಬೆಲೆ ಇಳಿದ ಗಾಡಿ ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿಯಾಗುತ್ತದೆ ಎಂಬ ಜಾಹೀರಾತನ್ನು ನಾನಂತೂ ನೋಡಿಲ್ಲ.

ರೋಣದ ಕಡೆಯ ನಮ್ಮ ಸಂಬಂಧಿಕರೊಬ್ಬರ ಗಾಡಿ ನಿಂತದ್ದು ಹೆಸರು ಬಿಡಿಸುವ ಹೊತ್ತಿನಲ್ಲಿ. ಹೆಸರಿನ ಬೆಳೆಯ ಗುಣ ಬಲ್ಲವರಿಗೆ ಇದರ ಅರ್ಥ ಆಗುತ್ತದೆ. ಕಾಯಿ ಒಣಗಿದ ಮೇಲೆ ಮಳೆ ಹಿಡಿದರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಪಕ್ಕದೂರಿನಿಂದ ಆಳು ಕರೆತರುವುದು, ಬಿಡಿಸಿದ್ದನ್ನು ತರುವುದು ಎಲ್ಲ ಎರಡು ಮೂರು ದಿನದ ಓಟ. ಮೀಟರಿನಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿತು, ಗಾಡಿ ಕೆಮ್ಮಿತು, ನಿಂತಿತು. ಊರ ಗ್ಯಾರೇಜಿನ ಮಿಸ್ತ್ರಿ ನೋಡಿ, “ಕಾಕಾ, ಇದು ಸೆನ್ಸರಿಂದು. ನಾ ಬಿಚ್ಚಿದ್ರ ನಿಮ್ಮ ವಾರಂಟಿ ಹೊಕ್ಕೈತಿ, ಶೋರೂಮಿಗೆ ಒಯ್ರಿ” ಎಂದು ಪ್ರಾಮಾಣಿಕವಾಗಿ ಕೈ ಒರೆಸಿಕೊಂಡ. ಒಯ್ದರು. ಕೌಂಟರಿನ ಹುಡುಗ ಕಂಪ್ಯೂಟರಿನಲ್ಲಿ ಏನೋ ಒತ್ತಿ, “ಬಿಟ್ಟು ಹೋಗ್ರಿ ಕಾಕಾ, ಫೋನ್ ಮಾಡ್ತೀವಿ” ಎಂದ.

“ತಮ್ಮಾ, ಹೆಸರು ಬಿಡಿಸೂ ಹೊತ್ತೈತಿ. ಎಂದ ಕೊಡ್ತಿ, ಖರೇ ಹೇಳು.”

“ಎರಡ ದಿನ್ರಿ.”

ಆಮೇಲೆ ಶುರುವಾಯಿತು ನೋಡಿ ಆ ಮಂತ್ರಪಠಣ. ಪಾರ್ಟ್ ಬಂದಿಲ್ರಿ. ಹುಬ್ಬಳ್ಳಿಂದ ಬರಬೇಕ್ರಿ. ಹುಬ್ಬಳ್ಯಾಗೂ ಸ್ಟಾಕ್ ಇಲ್ಲಂತ್ರಿ, ಕಂಪನಿಯಿಂದನ ಬರಬೇಕ್ರಿ. ಕ್ಲೇಮ್ ಅಪ್ರೂವ್ ಆಗಿಲ್ರಿ. ಸರ್ವರ್ ಡೌನ್ ಐತ್ರಿ. ನಿಮ್ಮ ಗಾಡಿ ನೋಡೋ ಹುಡುಗ ಟ್ರೇನಿಂಗಿಗೆ ಹೋಗ್ಯಾನ್ರಿ. ಸೋಮವಾರ ಬರ್ರಿ. ಎಲ್ಲ ವಾಕ್ಯಕ್ಕೂ ಕೊನೆಯಲ್ಲಿ ‘ರಿ’. ಮರ್ಯಾದೆಗೆ ಏನೂ ಕೊರತೆಯಿಲ್ಲ, ಗಾಡಿಯೊಂದೇ ಇಲ್ಲ. ಹೆಸರು ಗಿಡದಲ್ಲೇ ಕಪ್ಪಾಯಿತು, ಕಡಲೆ ಬಿತ್ತುವ ಕಾಲ ಬಂತು. ಅಂತೂ ಒಂದು ದಿನ ಫೋನ್ ಬಂತು. ಕಾಕಾ ಹೋದರೆ ಬಿಲ್ಲಿನಲ್ಲಿ ಸೆನ್ಸರಿಗೆ ಸೊನ್ನೆ, ಅದು ವಾರಂಟಿ. ಅದರ ಕೆಳಗೆ ಹೊಸ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ತೊಳೆದ ಕೂಲಿ, ಚೈನಿಗೆ ಎಣ್ಣೆ. “ನಿಮ್ಮ ಬ್ಯಾಟರಿ ಡೆಡ್ ಆಗಿತ್ರಿ.” ಸತ್ತದ್ದು ಎಲ್ಲಿ? ಅವರ ಬಯಲಲ್ಲಿ. ಕೊಂದವರು ಯಾರು? ಆ ಪ್ರಶ್ನೆಗೆ ಬಿಲ್ಲಿನಲ್ಲಿ ಸಾಲು ಇರಲಿಲ್ಲ.

ನಿಂತ ಗಾಡಿ ಹೇಗೆ ಸಾಯುತ್ತದೆ ಎಂಬುದು ರಹಸ್ಯವೇನಲ್ಲ, ರಿಪೇರಿ ಕಲಿತ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಚಾರ್ಜ್ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ತಳಕ್ಕಿಳಿದು ತುಕ್ಕು ಹುಟ್ಟುತ್ತದೆ. ಹೊಸ ಗಾಡಿಗಳ ಫ್ಯೂಯಲ್ ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ, ತುಕ್ಕಿನ ಪುಡಿಯನ್ನು ಅದೇ ಮೊದಲು ನುಂಗಬೇಕು. ಇಲಿಗೆ ವೈರಿನ ಹೊದಿಕೆ ಬಹಳ ಇಷ್ಟ. ಗಾಳಿ ಇಳಿದ ಟಾಯರು ಒಂದೇ ಮಗ್ಗುಲಲ್ಲಿ ತೂಕ ಹೊತ್ತು ಸೀಳು ಬಿಡುತ್ತದೆ. ಹಾಗಾದರೆ ಬ್ಯಾಟರಿಯ ಒಂದು ವೈರು ಬಿಚ್ಚಿಡಲು, ಗಾಡಿಯನ್ನು ನೆರಳಿಗೆ ಎಳೆಯಲು, ಒಂದು ತಾಡಪತ್ರಿ ಹೊದಿಸಲು ಎಷ್ಟು ಖರ್ಚು? ಅಷ್ಟು ಮಾಡದವರಿಗೆ ಈ ಜ್ಞಾನ ಇಲ್ಲವೆಂದು ನಾನು ನಂಬುವುದಿಲ್ಲ. ಬೇರೆಯವರ ವಸ್ತುವಿನ ಮೇಲೆ ಇರಬೇಕಾದ ಕಾಳಜಿ ಇಲ್ಲ, ಅಷ್ಟೇ. ಎತ್ತಿಗೆ ಜ್ವರ ಬಂದರೆ ದನದ ಡಾಕ್ಟರು ಅದನ್ನು ತನ್ನ ಅಂಗಳದಲ್ಲಿ ನೀರು ಮೇವಿಲ್ಲದೆ ತಿಂಗಳು ಕಟ್ಟಿ, ಸತ್ತ ಮೇಲೆ ಕಟ್ಟಿದ ಬಾಡಿಗೆ ಕೇಳಿದರೆ ಊರು ಸುಮ್ಮನಿರುತ್ತಿತ್ತೇ?

ಇಲ್ಲೊಂದು ಮಾತು. ಪೊಲೀಸ್ ಠಾಣೆಗಳ ಅಂಗಳದಲ್ಲಿ ಜಪ್ತಿಯಾದ ಗಾಡಿಗಳು ತುಕ್ಕು ಹಿಡಿಯುವುದನ್ನು ಕಂಡು ಸುಪ್ರೀಂ ಕೋರ್ಟು 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಹೀಗೆ ವರ್ಷಗಟ್ಟಲೆ ನಿಲ್ಲಿಸಿಡುವುದರಲ್ಲಿ ಅರ್ಥವಿಲ್ಲ, ಬಾಂಡು ಭದ್ರತೆ ಪಡೆದು ಬೇಗ ಬಿಡಿ ಎಂದು ಹೇಳಿತು. ಠಾಣೆಗಳು ಎಷ್ಟು ಕೇಳಿದವು ಎಂಬುದು ಠಾಣೆಯ ಕಂಪೌಂಡು ಇಣುಕಿದವರಿಗೆ ಗೊತ್ತು. ಆದರೂ ಅಪರಾಧದಲ್ಲಿ ಸಿಕ್ಕ ಗಾಡಿಯ ಪರವಾಗಿ ಒಂದು ಮಾತಾದರೂ ಇದೆ. ಏನೂ ಅಪರಾಧ ಮಾಡದ ನಮ್ಮ ಗಾಡಿ ಕಂಪನಿಯ ಬಯಲಲ್ಲಿ ಯಾವ ಬಾಂಡು ಬರೆದುಕೊಟ್ಟರೆ ಹೊರಬರುತ್ತದೆ?

ಸಿಟ್ಟು ಯಾರ ಮೇಲೆ ಎಂಬುದು ಮಾತ್ರ ಸ್ಪಷ್ಟವಿರಲಿ. ಕೌಂಟರಿನ ಹುಡುಗನ ಮೇಲೆ ಕೂಗಾಡುವುದು ಸುಲಭ, ನಾವೆಲ್ಲ ಮಾಡಿದ್ದೇವೆ. ಅವನು ಐಟಿಐ ಮುಗಿಸಿ ಬಂದ, ನಮ್ಮದೇ ಹಳ್ಳಿಯ ಹುಡುಗ. ‘ಪಾರ್ಟ್ ಬಂದಿಲ್ರಿ’ ಎನ್ನುವುದು ಅವನ ಸುಳ್ಳಲ್ಲ, ಅವನಿಗೆ ಕಲಿಸಿದ ಪಾಠ. ಇದರ ಬೇರು ಲೆಕ್ಕದಲ್ಲಿದೆ. ತಾಲ್ಲೂಕು ಊರಿನಲ್ಲಿ ಇರುವುದು ಹೆಚ್ಚಾಗಿ ಸಬ್ ಡೀಲರು. ಗಾಡಿ ಮಾರುತ್ತಾನೆ, ಎಣ್ಣೆ ಬದಲಿಸುತ್ತಾನೆ, ವಾರಂಟಿಯ ದೊಡ್ಡ ಕೆಲಸ ಬಂದರೆ ಗದಗಿನ ಅಥವಾ ಹುಬ್ಬಳ್ಳಿಯ ಮುಖ್ಯ ಡೀಲರಿನ ಕಡೆ ಕೈ ತೋರಿಸುತ್ತಾನೆ. ನಿಧಾನ ಖರ್ಚಾಗುವ ಪಾರ್ಟುಗಳನ್ನು ಸ್ವಂತ ರೊಕ್ಕ ಹಾಕಿ ತಂದಿಟ್ಟುಕೊಳ್ಳಲು ಇಬ್ಬರಿಗೂ ಇಷ್ಟವಿಲ್ಲ. ವಾರಂಟಿ ಕೆಲಸಕ್ಕೆ ಗಿರಾಕಿ ರೊಕ್ಕ ಕೊಡುವುದಿಲ್ಲ, ಕಂಪನಿ ಕೊಟ್ಟಷ್ಟೇ ಕೂಲಿ. ಹಾಗಾಗಿ ರೊಕ್ಕ ಎಣಿಸುವ ಗಿರಾಕಿಯ ಗಾಡಿ ಮೊದಲು ಸ್ಟ್ಯಾಂಡಿಗೆ ಏರುತ್ತದೆ, ವಾರಂಟಿಯ ಗಾಡಿ ಬಯಲಿಗೆ ಇಳಿಯುತ್ತದೆ. ಐದು ವರ್ಷದ ವಾರಂಟಿ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಕಂಪನಿ, ಆ ವಾರಂಟಿಯನ್ನು ಎಷ್ಟು ದಿನದಲ್ಲಿ ನಡೆಸಿಕೊಡುತ್ತೇನೆ ಎಂದು ಸಣ್ಣ ಅಕ್ಷರದಲ್ಲೂ ಬರೆಯುವುದಿಲ್ಲ. ಗಾಡಿಯ ಕಂತು ಒಂದು ದಿನ ತಪ್ಪಿದರೆ ದಂಡ. ಗಾಡಿ ಅವರ ಬಳಿಯೇ ಇದ್ದ ತಿಂಗಳ ಕಂತೂ ನಾವೇ ಕಟ್ಟಬೇಕು.

ಮೊದಲು ಹೀಗಿರಲಿಲ್ಲ ಎಂದು ಹೇಳಿದರೆ ಹಳೆಯ ಕಾಲದ ಹಂಬಲ ಅನ್ನಿಸಬಹುದು. ಆದರೆ ಬದಲಾವಣೆಗೆ ತಾರೀಖೇ ಇದೆ: 2020ರ ಏಪ್ರಿಲ್ 1. ಅಂದಿನಿಂದ ಬಿಎಸ್-6 ನಿಯಮ ಬಂತು, ನಮ್ಮ ಬಳಕೆಯ ಬಹುತೇಕ ಗಾಡಿಗಳಲ್ಲಿ ಕಾರ್ಬೋರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಕಾರ್ಬೋರೇಟರ್ ಎಂದರೆ ಮಿಸ್ತ್ರಿಯ ಅಂಗೈ. ಜೆಟ್ ಬಿಚ್ಚಿ ಬಾಯಿಂದ ಊದಿ, ಪೆಟ್ರೋಲಿನಲ್ಲಿ ತೊಳೆದು, ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿ ಕಿವಿಯಿಂದ ಎಂಜಿನ್ ಕೇಳಿ ಸರಿಮಾಡುತ್ತಿದ್ದ. ಈಗ ಟ್ಯಾಂಕಿನಲ್ಲಿ ಪಂಪು, ಎಂಜಿನ್ನಿಗೆ ಇಂಜೆಕ್ಟರು, ಸೈಲೆನ್ಸರಿಗೆ ಆಕ್ಸಿಜನ್ ಸೆನ್ಸರು, ಸೀಟಿನಡಿ ಇಸಿಯು ಎಂಬ ಡಬ್ಬಿ. ಹೊಗೆ ಕಡಿಮೆಯಾಯಿತು, ಒಳ್ಳೆಯದು; ಹೊಗೆಯ ಪರ ವಾದಿಸಲು ನಾನು ಬಂದಿಲ್ಲ. ಡಬ್ಬಿಯ ಭಾಷೆ ಓದುವ ಸ್ಕ್ಯಾನರನ್ನು, ವೈರಿಂಗಿನ ನಕ್ಷೆಯನ್ನು, ಸಾಫ್ಟ್‌ವೇರನ್ನು ಕಂಪನಿಗಳು ತಮ್ಮ ಡೀಲರುಗಳ ಕೈಯಲ್ಲಿ ಮಾತ್ರ ಇಟ್ಟುಕೊಂಡದ್ದು ಯಾವ ಹೊಗೆಯನ್ನು ಕಡಿಮೆ ಮಾಡಲು? ನಮ್ಮ ಮಿಸ್ತ್ರಿಗಳೇನು ಕೈಕಟ್ಟಿ ಕೂತಿಲ್ಲ. ಕೆಲವು ಗಾಡಿಗಳಲ್ಲಿ ಆ ಹಳದಿ ದೀಪ ಉದ್ದಕ್ಕೆ ಎಷ್ಟು ಸಲ, ಗಿಡ್ಡಕ್ಕೆ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿ ಯಾವ ಸೆನ್ಸರು ಎಂದು ಕಂಡುಹಿಡಿಯುತ್ತಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಪಾನಾ ಹಿಡಿದವರು ಮೊಬೈಲಿನಲ್ಲಿ ಹಿಂದಿ ವಿಡಿಯೋ ನೋಡಿ ಓಮ್ಸ್ ಅಳೆಯಲು ಕಲಿತಿದ್ದಾರೆ. ರೋಗ ಯಾವುದೆಂದು ಅವರಿಗೆ ಗೊತ್ತು. ಪಾರ್ಟು ಕೈಗೆ ಸಿಗುವುದಿಲ್ಲ, ಸಿಕ್ಕರೂ ಮುಟ್ಟಿದರೆ ವಾರಂಟಿ ಹೋಗುತ್ತದೆ ಎಂಬ ಬೆದರಿಕೆ. ಹೀಗೆ ಗಾಡಿಯ ಜೊತೆ ಗ್ಯಾರೇಜೂ ಹಾಳಾಗುತ್ತಿದೆ. ಕಲಿಯಲು ಬರುತ್ತಿದ್ದ ಹುಡುಗರು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಿದ್ದಾರೆ, ಅಲ್ಲಿ ಅವರ ಗಾಡಿ ಕೆಟ್ಟರೆ ಮತ್ತದೇ ಬಯಲು.

ಇನ್ನೊಂದು ಹಾಳು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ವೈರು ತುಂಡಾದರೆ ಜೋಡಿಸುವ ಕಾಲ ಹೋಯಿತು, ಇಡೀ ವೈರಿಂಗ್ ಸೆಟ್ಟನ್ನೇ ಬದಲಿಸುತ್ತಾರೆ. ಮೀಟರಿನ ಒಂದು ದೀಪ ಹೋದರೆ ಪೂರ್ತಿ ಮೀಟರು, ಬೀಗದ ಒಂದು ಮೊಳೆ ಸವೆದರೆ ಪೂರ್ತಿ ಲಾಕ್‌ಸೆಟ್ಟು. ಬಿಚ್ಚಿದ್ದೆಲ್ಲ ಶೆಡ್ಡಿನ ಮೂಲೆಯ ಡ್ರಮ್ಮಿಗೆ. ಅದರಲ್ಲಿ ಅರ್ಧದಷ್ಟಾದರೂ ಬೆಸುಗೆಯ ಒಂದು ಹನಿಗೆ ಬದುಕುವ ವಸ್ತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಒಂದು ಹಲಗೆ ಮುರಿದರೆ ಮಗ್ಗ ಎಸೆದವರನ್ನು ನಾನು ಕಂಡಿಲ್ಲ. ಆ ಊರಿನವರಿಗೆ ಸರ್ವಿಸ್ ಸೆಂಟರಿನವನು ‘ಅಸೆಂಬ್ಲಿನ ಚೇಂಜ್ ಮಾಡಬೇಕ್ರಿ’ ಎಂದು ಪಾಠ ಹೇಳುತ್ತಾನೆ!

ಮೈಸೂರಿನ ಜಾವಾ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. ಐಡಿಯಲ್ ಜಾವಾ 1961ರಲ್ಲಿ ಶುರುವಾಯಿತು, ಜಾವಾ, ಆಮೇಲೆ ಯೆಜ್ಡಿ ಎಂದು ಸಾವಿರ ಸಾವಿರ ಗಾಡಿ ಕಟ್ಟಿತು, 1996ರಲ್ಲಿ ಬಾಗಿಲು ಹಾಕಿತು. ಕಂಪನಿ ಸತ್ತಿತು. ಗಾಡಿಗಳು ಸಾಯಲಿಲ್ಲ. ಕಾಲು ಶತಮಾನ ದಾಟಿದರೂ ಡುಗುಡುಗು ಎನ್ನುತ್ತಿವೆ, ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಸಾಲಾಗಿ ಬೀದಿಗಿಳಿಯುತ್ತವೆ. ಏಕೆಂದರೆ ಅವುಗಳ ಒಳಗು ಹೊರಗು ಮಿಸ್ತ್ರಿಗೆ ಗೊತ್ತಿತ್ತು, ಇಲ್ಲದ ಪಾರ್ಟನ್ನು ಲೇತ್ ಮಷೀನಿನವನು ತಿರುವಿ ಕೊಡುತ್ತಿದ್ದ, ಯಾವ ಡಬ್ಬಿಗೂ ಗುಪ್ತ ಸಂಕೇತ ಇರಲಿಲ್ಲ. ಈಗ ಉಲ್ಟಾ ಆಗಿದೆ. ಕಂಪನಿ ಗಟ್ಟಿಮುಟ್ಟಾಗಿ ಬದುಕಿದೆ, ಷೇರಿನ ಬೆಲೆ ಏರುತ್ತಿದೆ, ಮೂರು ವರ್ಷದ ಗಾಡಿ ಬಯಲಲ್ಲಿ ಸಾಯುತ್ತಿದೆ.

ಇದು ಕಾನೂನಿನ ಕಣ್ಣಿಗೆ ಬೀಳದ ಸಂಗತಿಯೂ ಅಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗ ಮತ್ತು ದೋಷಪತ್ತೆಯ ಸಲಕರಣೆಯನ್ನು ಹೊರಗಿನ ಗ್ಯಾರೇಜಿಗೆ ಸಿಗದಂತೆ ತಡೆದರು ಎಂಬುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಎನ್ನಬಾರದು ಎಂದೂ ಹೇಳಿತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. ಮತ್ತು ಅದು ಕಾರಿನವರ ಜಗಳ. ಮೇವು ಹೊರುವ ಗಾಡಿಯ ಪರವಾಗಿ ಅಷ್ಟು ದೂರ ಹೋಗುವ ಪುರುಸೊತ್ತು ಯಾರಿಗಿದೆ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ ಎಂದು ನಾಲ್ಕು ಕ್ಷೇತ್ರ ಗುರುತಿಸಿ ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಹಕ್ಕು ಪೋರ್ಟಲ್ಲಿನಲ್ಲಿದೆ, ಸ್ಕ್ಯಾನರು ಡೀಲರಿನ ಕಪಾಟಿನಲ್ಲಿದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಟ್ರ್ಯಾಕ್ಟರು ಕೆಟ್ಟು ಡೀಲರಿಗೆ ಕಾಯ್ದು ಬೆಳೆ ಕಳೆದುಕೊಂಡು ಸಾಕಾದ ರೈತರು ಪಟ್ಟು ಹಿಡಿದರು. 2023ರಲ್ಲಿ ಕಾಯ್ದೆಯಾಯಿತು, ಕೃಷಿ ಯಂತ್ರ ಮಾಡುವವರು ಅದರ ಕೈಪಿಡಿ, ಪಾರ್ಟು, ಸಾಫ್ಟ್‌ವೇರನ್ನು ರೈತನಿಗೂ ಅವನ ಮಿಸ್ತ್ರಿಗೂ ಕೊಡಲೇಬೇಕು. ಅಲ್ಲಿನ ರೈತನಿಗೆ ಆದದ್ದೇ ಇಲ್ಲಿನ ಕಾಕಾನಿಗೂ ಆದದ್ದು.

ಹೋರಾಟ ಎಂದರೆ ಏನೆಂದು ನರಗುಂದದವರಿಗೆ ಕೊಲೊರಾಡೊ ಹೇಳಿಕೊಡಬೇಕಿಲ್ಲ. 1980ರ ಜುಲೈ 21. ಮಲಪ್ರಭೆಯ ಕಾಲುವೆಯ ನೀರು ಹೊಲಕ್ಕೆ ನೆಟ್ಟಗೆ ಬಾರದಿದ್ದರೂ ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದು ಸರ್ಕಾರ ಗಂಟಲಿಗೆ ಕೈಹಾಕಿದಾಗ ನರಗುಂದ, ನವಲಗುಂದದ ರೈತರು ಎದ್ದರು. ಗೋಲಿಬಾರಾಯಿತು, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಿದ್ದರು, ಪೊಲೀಸರೂ ಸತ್ತರು. ಒಂದು ಸೆನ್ಸರಿನ ಸಿಟ್ಟನ್ನು ಆ ಸಾವುಗಳ ತೂಕಕ್ಕೆ ನಾನು ಇಡುವುದಿಲ್ಲ, ಇಡಲೂಬಾರದು. ಆದರೆ ಲೆಕ್ಕದ ಚಾಳಿ ಅದೇ ಇದೆ: ಬಾರದ ನೀರಿಗೆ ಅಂದು ಕರ, ಸಿಗದ ಸೇವೆಗೆ ಇಂದು ಮುಂಗಡ. ಗಾಡಿಯ ಬೆಲೆಯಲ್ಲೇ ವಾರಂಟಿ, ‘ಉಚಿತ’ ಸರ್ವಿಸು ಎಲ್ಲವನ್ನೂ ಸೇರಿಸಿ ವಸೂಲಿ ಮಾಡಿಕೊಂಡಿದ್ದಾರೆ. ರಸ್ತೆ ತೆರಿಗೆಯೂ ಮೊದಲೇ, ಐದು ವರ್ಷದ ಥರ್ಡ್ ಪಾರ್ಟಿ ವಿಮೆಯೂ ಮೊದಲೇ.

ಬಂಡಾಯಕ್ಕೆ ಕಾಗದವೂ ಬೇಕು. ಗಾಡಿ ಬಿಡುವಾಗ ಜಾಬ್ ಕಾರ್ಡಿನಲ್ಲಿ ತೊಂದರೆ, ಕಿಲೋಮೀಟರು, ಬ್ಯಾಟರಿಯ ಸ್ಥಿತಿ, ಪೆಟ್ರೋಲಿನ ಅಳತೆ, ಕೊಡುವ ತಾರೀಖು ಇಷ್ಟನ್ನೂ ಬರೆಸಿ, ಸಹಿ ಹಾಕಿಸಿ ಪ್ರತಿ ತೆಗೆದುಕೊಳ್ಳಿ. ‘ನಾಳೆ ಬರ್ರಿ’ ಎಂಬುದನ್ನು ಬಾಯಲ್ಲಿ ಕೇಳಿಸಿಕೊಳ್ಳಬೇಡಿ, ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಆಗದಿದ್ದರೆ ಗದಗಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆಗೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹೊಟ್ಟೆಪಾಡಿಗೆ ಬಳಸುವ ಗಾಡಿಯಾದರೆ ನೀವು ಗ್ರಾಹಕರೇ, ‘ವ್ಯಾಪಾರಿ’ ಎಂದು ತಳ್ಳಿಹಾಕಲು ಬರುವುದಿಲ್ಲ. ಮೂರು ತಿಂಗಳೊಳಗೆ ತೀರ್ಮಾನ ಮಾಡಲು ಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅಲ್ಲೂ ತಡವಾಗುತ್ತದೆ, ಗೊತ್ತು. ಆದರೆ ಅಲ್ಲಿ ಕಂಪನಿಯ ವಕೀಲ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು. ಪಾರ್ಟು ಬರದ ದಾರಿಯಲ್ಲಿ ವಕೀಲನಾದರೂ ಬರಲಿ.

ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರಿಗೂ ‘ಸೋಮವಾರ ಬರ್ರಿ’. ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಮಾಲೆ ಹಾಕಲು ಎಲ್ಲ ಪಕ್ಷದ ನಾಯಕರೂ ಬರುತ್ತಾರೆ, ಹಸಿರು ಶಾಲು ಹೊದೆಯುತ್ತಾರೆ, ಮೈಕು ಹಿಡಿಯುತ್ತಾರೆ. ಮೂರು ತಾಲ್ಲೂಕಿನ ಹಳ್ಳಿಹಳ್ಳಿಯಿಂದ ತಾರೀಖು ಮೀರಿದ ಜಾಬ್ ಕಾರ್ಡುಗಳನ್ನು ಅಷ್ಟರೊಳಗೆ ಒಟ್ಟುಮಾಡೋಣ. ಬಯಲಲ್ಲಿ ಸತ್ತ ಗಾಡಿಗಳನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಹೇರಿ ಅದೇ ದಿನ ವೇದಿಕೆಯ ಎದುರು ಇಳಿಸೋಣ. ಸ್ಕ್ಯಾನರು, ಪಾರ್ಟು, ಕೈಪಿಡಿ ಊರ ಮಿಸ್ತ್ರಿಯ ಕೈಗೆ ಯಾವಾಗ ಎಂದು ಅಲ್ಲೇ ಕೇಳೋಣ. ಉತ್ತರ ‘ಸೋಮವಾರ’ ಎಂದು ಬಂದರೆ, ಯಾವ ಸೋಮವಾರ ಎಂದು ಬರೆಸಿ ಸಹಿ ಹಾಕಿಸಿಕೊಳ್ಳೋಣ.